ನಾಲ್ಕನೆಯ ಮಾಲೆ

"ಇದು ಮೂರನೇ ಕಾಫಿ ರಾಯರ. ಸಕ್ರಿ ಕಮ್ಮಿ ಹಾಕಸ್ರಿ. ಇನ್ನೂ ಭಾಳ ಹೊತ್ತು ಕೂಡೋದದ."

ಹಾಗೆಂದು ವಿಶ್ವನಾಥಪ್ಪ ಮತ್ತೆ ಗೋಡೆ ನೋಡುತ್ತ ಕುಳಿತ.

ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮೂಕಾಂಬಿಕೆ, ಉಡುಪಿ ಕೃಷ್ಣ, ಹೋಟೆಲಿನ ಯಜಮಾನ ಉಮಾನಾಥನ ತೀರಿಹೋದ ತಂದೆ, ಮೂವರೂ ತಮ್ಮ ತಮ್ಮ ಸೇವಂತಿಗೆ ಮಾಲೆ ಹಾಕಿಕೊಂಡು ಸಾಲಾಗಿ ತೂಗುತ್ತಿದ್ದರು. ಅವರ ಪಕ್ಕದಲ್ಲೊಂದು ದಪ್ಪ ಮೊಳೆ. ಮೊಳೆಯಲ್ಲಿ ಏನೂ ಇರಲಿಲ್ಲ. ಆ ಮನುಷ್ಯ ಒಂದು ಗಂಟೆಯಿಂದ ನೋಡುತ್ತಿದ್ದುದು ಆ ಮೊಳೆಯನ್ನೇ.

ಮಧ್ಯಾಹ್ನದ ಮೂರು ಗಂಟೆ. ಊಟದವರು ಎದ್ದುಹೋಗಿ ತಿಂಡಿಯವರು ಇನ್ನೂ ಬಾರದ ಹೊತ್ತು. ಸಪ್ಲಾಯರುಗಳು ಹಿಂದುಗಡೆ ಚಾಪೆ ಹಾಸಿ ಉರುಳಿದ್ದರು. ಉಮಾನಾಥ ತಾನೇ ಗಲ್ಲಾ ಬಿಟ್ಟೆದ್ದು ಒಳಗಿಂದ ಕಾಫಿ ತಂದಿಟ್ಟ. ಅರ್ಧ ಕಾಫಿ ಬಸಿಯಲ್ಲಿತ್ತು. ಮೂವತ್ತು ವರ್ಷ ನಾಸಿಕದಲ್ಲಿ ಹೋಟೆಲು ನಡೆಸಿದವನ ಕೈಯಿಂದ ಕಾಫಿ ಹೀಗೆ ಚೆಲ್ಲಬಾರದಿತ್ತು.

"ಕೈ ನಡಗ್ತದಲ್ಲ ರಾಯರ?"

"ಪ್ರಾಯ ಆಯ್ತಲ್ಲ ಮಾರಾಯ್ರೆ."

"ನನಗ ಅರವತ್ತೆರಡು," ಎಂದು ವಿಶ್ವನಾಥಪ್ಪ ಬಸಿಯ ಕಾಫಿಯನ್ನು ಒಂದು ತೊಟ್ಟೂ ಕೆಳಗೆ ಬೀಳದಂತೆ ಲೋಟಕ್ಕೆ ಬಗ್ಗಿಸಿಕೊಂಡ.

ಬೀದರಿನ ಕಡೆಯ ಆಸಾಮಿ. ನಿಜಾಮರ ಕಾಲದಲ್ಲಿ ಪೊಲೀಸು ಸೇರಿ, ಇನ್ಸ್‌ಪೆಕ್ಟರಾಗಿ ನಿವೃತ್ತನಾಗಿ, ಔರಂಗಾಬಾದಿನಲ್ಲೇ ಮನೆ ಮಾಡಿಕೊಂಡು, ಈಗ ಖಾಸಗಿಯಾಗಿ ಕಳವಿನ ಪತ್ತೆ ಮಾಡಿಕೊಡುತ್ತಿದ್ದ. ದನಿ ಏರಿಸುವವನಲ್ಲ. ಏರಿಸಿದ್ದರೆ ಉಮಾನಾಥನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಆ ಮೊಳೆಯಲ್ಲಿದ್ದ ಪಿಂಪಳವಾಡಿ ರಾಣಿಸಾಹೇಬರ ಪಟ ಕದ್ದನೆಂದು ಔರಂಗಾಬಾದಿನ ಗುಲ್‌ಮಂಡಿಯ ಫ್ರೇಮು ಕಟ್ಟುವ ಮನ್ಮಥಪ್ಪ ಲಾಕಪ್ಪು ಸೇರಿ ಅಂದಿಗೆ ಹನ್ನೊಂದು ದಿನ. ಅವನು ಪಟವನ್ನು ವಾಪಸು ತಂದುಕೊಟ್ಟಿದ್ದ ಎಂಬುದು ನಾಸಿಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಈ ಗಲ್ಲಾದ ಮೇಲೆ ಕೂರುವವನು. ಇನ್ನೊಬ್ಬಳು ಮಾಳಿಗೆಯ ಮೇಲಿದ್ದ ಅವನ ಮಗಳು.

"ನಿನ್ನಿ ಮನ್ಮಥಪ್ಪನ್ನ ನೋಡಿ ಬಂದೀನಿ," ಎಂದ ವಿಶ್ವನಾಥಪ್ಪ.

ಉಮಾನಾಥ ಹೆಗಲ ಮೇಲಿನ ಬಟ್ಟೆ ತೆಗೆದು, ಆಗಲೇ ಒರೆಸಿದ್ದ ಮೇಜನ್ನು ಮತ್ತೊಮ್ಮೆ ಒರೆಸಿದ.

"ದಮ್ಮು ಭಾಳ ಅದ ಅವಗ. ರಾತ್ರಿ ಮಲಗಲಕ್ಕ ಆಗಲ್ಲಂತ. ಗ್ವಾಡಿಗಿ ಒರಗಿ ಕೂಡ್ತಾನ. ನಾಳಿಗಿ ಪೊಲೀಸ್ ಕಸ್ಟಡಿ ಮುಗೀತದ. ಕೋರ್ಟಿಗಿ ಹಾಕಿ ಜೇಲಿಗಿ ಕಳಸ್ತಾರ. ಆ ಉಸಿರು ಇಟ್ಕೊಂಡು ಜೇಲಿನಾಗ ಎಷ್ಟು ದಿನ ಇದ್ದಾನು, ನೀವೇ ಹೇಳ್ರಿ."

"ನಾನು ಎಂತ ಹೇಳುದು?"

"ನೀವು ಉಪ್ಪಿಟ್ಟು ಒಯ್ದಿದ್ರಂತಲ್ಲ?"

ಉಮಾನಾಥನ ಕೈ ಮೇಜಿನ ಮೇಲೆ ನಿಂತಿತು.

ಹೌದು, ಒಯ್ದಿದ್ದ. ಐದು ದಿನದ ಹಿಂದೆ, ಮಗಳಿಗೆ ಯೇವಲೆಗೆ ಸೀರೆ ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ, ಬೆಳಗಿನ ಬಸ್ಸು ಹತ್ತಿದ್ದ. ಯೇವಲೆ ಬಂತು, ಹೋಯಿತು. ತೊಡೆಯ ಮೇಲಿದ್ದ ಬಾಳೆಲೆಯ ಕಟ್ಟು ತಣ್ಣಗಾಯಿತು. ಔರಂಗಾಬಾದಿನ ಠಾಣೆಯ ಬಾಗಿಲ ತನಕ ನಡೆದು, ಒಳಗಿನಿಂದ ಬಂದ ಕೆಮ್ಮು ಕೇಳಿ, ಕಟ್ಟನ್ನು ಕಾವಲಿನವನ ಕೈಗೆ ತುರುಕಿ, ಹೆಸರೂ ಹೇಳದೆ ಓಡಿಬಂದಿದ್ದ. ಓಡುವಾಗ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಐವತ್ತಾರು ವರ್ಷದ ಗೃಹಸ್ಥ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ್ದು ನೋಡಿದವರಿಗೆ ತಮಾಷೆಯಾಗಿ ಕಂಡಿರಬೇಕು.

"ಔರಂಗಾಬಾದಿನಾಗ ಉಪ್ಪಿಟ್ಟಿಗಿ ಕಾಯಿ ತುರದು ಹಾಕವ್ರು ಯಾರೂ ಇಲ್ಲ ರಾಯರ. ಮನ್ಮಥಪ್ಪಗ ಒಂದು ತುತ್ತಿಗೇ ಗೊತ್ತಾಗ್ಯದ, ಯಾರ ಅಡಗಿ ಅಂತ. ಕಣ್ಣಾಗ ನೀರು ತಂದ ನೋಡ್ರಿ. 'ರಾಯರು ಭಾಳ ದೊಡ್ಡ ಮನಸಿನವ್ರು, ಅವರ ಮ್ಯಾಲ ನನಗ ಸಿಟ್ಟಿಲ್ಲ' ಅಂದ."

ಉಮಾನಾಥನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಎದುರು ಬೆಂಚಿನ ಮೇಲೆ ಕುಳಿತುಬಿಟ್ಟ.

"ಆ ಪಟ ಬರದ ಜರ್ಮನ್ ಸಾಹೇಬನ ಬಗ್ಗೆ ಒಂದೀಟು ಹೇಳ್ರಿ," ಎಂದ ವಿಶ್ವನಾಥಪ್ಪ ಇದ್ದಕ್ಕಿದ್ದಂತೆ. "ಹತ್ತು ವರ್ಷ ನಿಮ್ಮಲ್ಲೇ ಇಡ್ಲಿ ತಿಂದಾನಲ್ಲ."

ಈ ಪ್ರಶ್ನೆ ಬಂದದ್ದಕ್ಕೆ ಉಮಾನಾಥನಿಗೆ ಬದುಕಿದೆ ಎನಿಸಿತು. ವೆಲ್ಟರ್ ಸಾಹೇಬನ ಸುದ್ದಿ ಎಷ್ಟು ಬೇಕಾದರೂ ಹೇಳಬಹುದು.

ಯೋಹಾನ್ ವೆಲ್ಟರ್. ಜರ್ಮನಿಯ ಒಂದು ಪುಟ್ಟ ಸಂಸ್ಥಾನದಲ್ಲಿ ಇಪ್ಪತ್ನಾಲ್ಕನೇ ವಯಸ್ಸಿಗೇ ಆಸ್ಥಾನ ಚಿತ್ರಕಾರನಾದವನು. ಅಲ್ಲಿಯ ಡ್ಯೂಕನಿಗೆ ಮೂಗಿನ ಪಕ್ಕ ಕಡಲೆ ಗಾತ್ರದ ನರಹುಲಿ. ಆರು ಸಲ ಡ್ಯೂಕನ ಚಿತ್ರ ಬರೆದ ವೆಲ್ಟರ್, ಆರು ಸಲವೂ ನರಹುಲಿ ಬಿಟ್ಟು ಬರೆದ. ಡ್ಯೂಕನ ಹೆಂಡತಿಯ ಎರಡು ಗದ್ದದಲ್ಲಿ ಒಂದನ್ನು ಕಳೆದ. ಮೆಳ್ಳೆಗಣ್ಣಿನ ರಾಜಕುಮಾರಿಯನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಒಳ್ಳೇ ವರ ಸಿಗುವಂತೆ ಮಾಡಿದ. ಅದಕ್ಕೆಲ್ಲ ಎದೆಗೆ ಪದಕ ಕಟ್ಟಿದರು.

"ಆ ಮದುವೆ ಎರಡೇ ವರ್ಷ ನಿಂತದ್ದಂತೆ," ಎಂದ ಉಮಾನಾಥ. "ಸಾಹೇಬರು ಆಗಾಗ ಹೇಳುವುದುಂಟು, ಆ ಹುಡುಗಿಯ ಪಾಪ ನನ್ನ ಕುಂಚಕ್ಕೆ ಅಂಟಿದೆ ಅಂತ."

ಡ್ಯೂಕನ ತಮ್ಮ ಹುಲಿ ಬೇಟೆಗೆಂದು ಹಿಂದೂಸ್ಥಾನಕ್ಕೆ ಹೊರಟಾಗ ವೆಲ್ಟರನೂ ಜೊತೆಗೆ ಬಂದ. ಬೇಟೆಯವರು ಊರಿಗೆ ಹೋದರು. ಇವನು ಪಿಂಪಳವಾಡಿ ಜಹಗೀರದಾರರ ಆಸ್ಥಾನ ಚಿತ್ರಕಾರನಾಗಿ ಉಳಿದ. ಇಲ್ಲಿಯೂ ಅದೇ ಕಸುಬು. ಜಹಗೀರದಾರರ ಬೋಳು ತಲೆಗೆ ಪಗಡಿ, ಬೊಜ್ಜು ಹೊಟ್ಟೆಗೆ ಸೊಂಟಪಟ್ಟಿ. ಮೊದಲ ಯುದ್ಧ ಬಂತು. ಜರ್ಮನಿಯವನೆಂದು ಇಂಗ್ಲಿಷರು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು. ಯುದ್ಧ ಮುಗಿದು ಊರಿಗೆ ಅಟ್ಟಿದಾಗ, ಹೋಗಿ ನೋಡಿದರೆ ಅಲ್ಲಿ ಡ್ಯೂಕನೇ ಇಲ್ಲ, ಸಂಸ್ಥಾನವೂ ಇಲ್ಲ. ಏಳು ವರ್ಷ ಅಲ್ಲಿ ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆದು ಮತ್ತೆ ಪಿಂಪಳವಾಡಿಗೇ ಬಂದ. ಎರಡನೇ ಯುದ್ಧದಲ್ಲಿ ಸಾತಾರೆಯ ಶಿಬಿರ. ಅಲ್ಲಿಂದ ಬರುವಷ್ಟರಲ್ಲಿ ಜಹಗೀರಿಗೂ ದಿನ ತುಂಬಿತ್ತು. ನಾನು ಕುಂಚ ಇಟ್ಟ ಯಾವ ಅರಮನೆಯೂ ಉಳಿಯುವುದಿಲ್ಲ, ನಿನ್ನ ಹೋಟೆಲಿನ ಬೋರ್ಡು ಮಾತ್ರ ನನ್ನಿಂದ ಬರೆಸಬೇಡ ಎಂದು ಉಮಾನಾಥನಿಗೆ ಹೇಳಿ ನಗುತ್ತಿದ್ದ.

"ರಾಣಿಸಾಹೇಬರ ಪಟ?"

"ಅದು ಬೇರೆ." ಉಮಾನಾಥನ ದನಿ ಇಳಿಯಿತು. "ಅವರು ಪರದೆಯವರು. ಫೋಟೋ ತೆಗೆಸಿಕೊಂಡವರಲ್ಲ. ಬಿದಿರಿನ ಚಿಕ್ಕು ಪರದೆಯ ಹಿಂದೆ ಅವರು ಕೂತದ್ದು, ಎದುರಿಗೆ ಒಂದು ನಿಲುಗನ್ನಡಿ. ಸಾಹೇಬರು ಕನ್ನಡಿಯಲ್ಲಿ ನೋಡಿ ನೋಡಿ ಬರೆದದ್ದಂತೆ. ಅರಮನೆ ಖಾಲಿ ಮಾಡುವಾಗ ಅದೊಂದನ್ನು ಸಾಹೇಬರು ತಂದುಕೊಂಡರು. ನನ್ನ ಕೋಣೆಯ ಗೋಡೆ ಮಳೆಗೆ ನೆನೆಯುತ್ತದೆ, ನಿನ್ನ ಗೋಡೆ ಒಣಗಿದೆ, ಇಲ್ಲಿರಲಿ ಅಂತ ನನ್ನ ಹತ್ರ ಕೊಟ್ಟದ್ದು ಐವತ್ತೆಂಟರಲ್ಲಿ."

"ಮತ್ತ ಸಾಯೋ ಮುಂದ ಏನಂದ್ರು?"

ಉಮಾನಾಥ ನೆಲ ನೋಡಿದ. ಈ ಜೂನಿನಲ್ಲಿ, ಎಂಬತ್ತಾರರ ಮುದುಕ ಆಸ್ಪತ್ರೆಯ ಮಂಚದಲ್ಲಿ ಅವನ ಕೈ ಹಿಡಿದು ಹೇಳಿದ್ದು ಒಂದೇ ಮಾತು. ರಾಣಿಸಾಹೇಬರ ಮಗಳು ಕುಸುಮಾವತಿ ಬರುತ್ತಾಳೆ. ಅವಳಿಗೆ ತಾಯಿಯ ಮುಖ ನೆನಪಿಲ್ಲ. ಪಟ ಅವಳಿಗೆ ಕೊಡು.

"ಕುಸುಮಾವತಿಬಾಯರಿಗೆ ಕೊಡ್ಲಿಕ್ಕೆ ಹೇಳಿದ್ರು," ಎಂದ.

"ಬಾಯಾರು ಬಂದ್ರು. ಪಟ ಇರಲಿಲ್ಲ. ದೀಪಾವಳಿಗಿ ಮುಂಚೆ ಫ್ರೇಮಿಗಿ ಗೆದ್ದಲು ಹತ್ತಿತ್ತು, ಮನ್ಮಥಪ್ಪ ರಿಪೇರಿಗಿ ಒಯ್ದ, ವಾಪಸ್ ತರಲಿಲ್ಲ ಅಂದ್ರಿ. ಪೊಲೀಸರು ಅವನ ಅಂಗಡಿ ಜಡತಿ ಮಾಡಿದ್ರು. ಹಳೇ ಫ್ರೇಮು, ಹಳೇ ಗಾಜು ಸಿಕ್ತು. ಪಟ ಸಿಗಲಿಲ್ಲ. ಇಷ್ಟೇ ಅಲ್ಲೇನ್ರಿ ನೀವು ಹೇಳಿದ್ದು?"

"ಇಷ್ಟೇ."

ವಿಶ್ವನಾಥಪ್ಪ ಕಾಫಿ ಮುಗಿಸಿ ಲೋಟವನ್ನು ಬೋರಲು ಹಾಕಿದ.

"ಹೂವಿನ ಮಲ್ಲಮ್ಮನ್ನ ಬಲ್ಲಿರೇನು?"

ಬಲ್ಲದೆ ಏನು. ಕಲಬುರ್ಗಿಯ ಕಡೆಯ ಹೆಂಗಸು, ಗೋದಾವರಿಯ ಘಾಟಿನಲ್ಲಿ ಹೂ ಕಟ್ಟುವವಳು. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಹೋಟೆಲಿಗೆ ಮಾಲೆ ತರುವವಳು.

"ಘಾಟಿನ ಮ್ಯಾಲ ಅಕಿ ಸಂಗಟ ಒಂದು ತಾಸು ಕೂತು ನಮ್ಮ ಕಡಿ ಮಾತು ಆಡಿ ಬಂದೀನಿ. ಪಟ ಇದ್ದಷ್ಟು ಮಾಲಿ ತರಾಕಿ ಅಕಿ. ನಾಕು ಪಟ, ನಾಕು ಮಾಲಿ. ಮನ್ಮಥಪ್ಪ ಒಯ್ದ ಮರುದಿನದಿಂದ ಮೂರೇ ಸಾಕಂದ್ರಿ ನೀವು. ಖರೆ ಏನು?"

"ಖರೆ."

"ದೀಪಾವಳಿಗಿ ಸುಣ್ಣ ಹಚ್ಚಲಕ ಹೋಟೆಲ್ ಮುಚ್ಚಿದ್ರಿ. ಕೆಲಸದವ್ರೆಲ್ಲಾ ಊರಿಗಿ ಹೋಗಿದ್ರು. ಹಿಂದಿನ ಬಾಗಿಲಿಗಿ ಮಲ್ಲಮ್ಮ ಮಾಲಿ ಕೊಟ್ಟು ಹೋಗ್ತಿದ್ಳು. ಅಮಾಸಿಗಿ ಎರಡು ದಿನ ಮೊದಲ, 'ನಾಳಿಂದ ಮತ್ತ ನಾಕು ತಾ ಮಲ್ಲಮ್ಮ' ಅಂದ್ರಂತ. ಎರಡು ದಿನ ನಾಕು ಮಾಲಿ ಕೊಟ್ಟಾಳ. ಅಮಾಸಿ ಮರುದಿನ ಮತ್ತ ಮೂರು." ವಿಶ್ವನಾಥಪ್ಪ ಗೋಡೆಯತ್ತ ಗದ್ದ ಎತ್ತಿದ. "ಆ ಎರಡು ದಿನ ನಾಕನೇ ಮಾಲಿ ಯಾರ ಕೊಳ್ಳಿಗಿ ಹಾಕಿದ್ರಿ ರಾಯರ? ಮೊಳಿಗೇನು?"

ಉಮಾನಾಥ ತಲೆಯೆತ್ತಿ ಬರೀ ಮೊಳೆಯನ್ನು ನೋಡಿದ. ಪೊಲೀಸರ ಮುಂದೆ ಹೇಳಬೇಕಾದ್ದನ್ನೆಲ್ಲ ಅವನು ಮನಸ್ಸಿನಲ್ಲೇ ಉರುಹೊಡೆದಿಟ್ಟುಕೊಂಡಿದ್ದ. ಮಾಲೆಯ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಪಟವಿದ್ದರೆ ಮಾಲೆ ಹಾಕುವುದು ಉಸಿರಾಡಿದಷ್ಟು ಸಹಜ.

"ಇನ್ನೊಂದು," ಎಂದು ವಿಶ್ವನಾಥಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಹೆಬ್ಬೆರಳುಗುರಿನಷ್ಟು ಗಾಜಿನ ಚೂರು. "ನೀವು ಕಾಫಿ ತರಲಕ ಒಳಗ ಹೋದಾಗ ನನ್ನ ಚಷ್ಮಾ ಬಿತ್ತು. ಹುಡಕಲಕ ಬಗ್ಗಿದ್ರ ನಿಮ್ಮ ಗಲ್ಲಾದ ಹಲಗಿ ಸಂದ್ಯಾಗ ಇದು ಸಿಕ್ತು. ಒಂದು ಬಾಜೂ ಕುಂಕುಮ ಅಂಟ್ಯದ ನೋಡ್ರಿ. ಹಳೇ ಗಾಜು ಒಂದು ಬಿರುಕಿಲ್ಲದಂಗ ಠಾಣೆದಾಗ ಅದ. ಇದು ಹೊಸ ಗಾಜು. ಮನ್ಮಥಪ್ಪ ಹೊಸದಾಗಿ ಹಾಕಿದ್ದು. ಪಟ ವಾಪಸ್ ಬರಲಿಲ್ಲ ಅಂದ್ರ, ಈ ಗಾಜು ಔರಂಗಾಬಾದಿಂದ ಹಾರಿ ಬಂತೇನು?"

ಹಿಂದುಗಡೆ ಯಾರೋ ನಿದ್ದೆಯಲ್ಲಿ ಮಗ್ಗಲು ಬದಲಿಸಿದರು. ಉಮಾನಾಥ ಆ ಚೂರನ್ನು ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿತು.

"ಬಿದ್ದದ್ದು ನನ್ನ ಕೈಯಿಂದ," ಎಂದ. "ನಾನೇ ಬೀಳಿಸಿದ್ದು."

"ನಿಧಾನಕ್ಕ ಹೇಳ್ರಿ."

"ಅಮಾವಾಸ್ಯೆ ದಿನ. ಸಂಜೆ ಲಕ್ಷ್ಮೀಪೂಜೆ. ಬೆಳಿಗ್ಗೆ ಮಾಲೆ ಹಾಕ್ಲಿಕ್ಕೆ ಸ್ಟೂಲು ಹತ್ತಿದೆ. ನೆಲಕ್ಕೆ ಸುಣ್ಣದ ನೀರು ಬಿದ್ದದ್ದು ಉಂಟಲ್ಲ, ಸ್ಟೂಲು ಜಾರಿತು. ಹಿಡ್ಕೊಳ್ಳಲಿಕ್ಕೆ ಸಿಕ್ಕಿದ್ದು ಆ ಪಟವೇ. ನಾನೂ ಪಟವೂ ಒಟ್ಟಿಗೆ ಬಿದ್ದೆವು. ಗಾಜು ಚೂರುಚೂರು. ಕ್ಯಾನ್ವಾಸು ಕೆನ್ನೆಯಿಂದ ಕುತ್ತಿಗೆ ತನಕ ಸೀಳಿಹೋಯ್ತು." ಅವನು ತನ್ನ ಕೆನ್ನೆಯ ಮೇಲೆಯೇ ಬೆರಳೆಳೆದು ತೋರಿಸಿದ. "ಲಕ್ಷ್ಮೀಪೂಜೆ ದಿನ, ಹತ್ತು ವರ್ಷ ಪೂಜೆ ಮಾಡಿದ ಮುಖ. ಭಿನ್ನವಾದ ಪಟ ಮನೇಲಿ ಇಟ್ಕೊಳ್ಳುವ ಹಾಗಿಲ್ಲ. ಎಸೆಯುವ ಹಾಗೂ ಇಲ್ಲ. ನಮ್ಮಲ್ಲಿ ಎಂತ ಮಾಡ್ತಾರೆ? ನೀರಿಗೆ ಬಿಡ್ತಾರೆ."

"ಬಿಟ್ರಿ."

"ಬಿಟ್ಟೆ. ಪಂಚೆಯಲ್ಲಿ ಸುತ್ತಿ ಘಾಟಿಗೆ ಒಯ್ದೆ. ಕಲ್ಲು ಕಟ್ಟಿದೆ. ಗೋದಾವರಿಗೆ ಬಿಟ್ಟೆ." ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ಬಿಡುವಾಗ ಒಳ್ಳೇದೇ ಮಾಡಿದೆ ಅಂತಿತ್ತು ಮನಸ್ಸಿಗೆ. ಇದು ದೇವರ ಪಟ ಅಲ್ಲ, ಒಬ್ಬಳು ಮಗಳಿಗೆ ಕೊಡಬೇಕಾದ ತಾಯಿಯ ಮುಖ ಅಂತ ನೆನಪಾದದ್ದು ಕುಸುಮಾವತಿಬಾಯಿ ಸಾಹೇಬರ ಕಾಗದ ಹಿಡ್ಕೊಂಡು ಈ ಬಾಗಿಲಲ್ಲಿ ನಿಂತಾಗ. 'ಮಾಝ್ಯಾ ಆಈಚಾ ಚೆಹರಾ' ಅಂದ್ರು, ನಮ್ಮ ಅಮ್ಮನ ಮುಖ ಎಲ್ಲಿ ಅಂತ. ಐವತ್ತೇಳು ವರ್ಷದ ಹೆಂಗಸು, ಮಗುವಿನ ಹಾಗೆ ಗೋಡೆ ಹುಡುಕಿದ್ರು. ನದಿಗೆ ಬಿಸಾಡಿದೆ ಅಂತ ಹೇಳ್ಲಿಕ್ಕೆ ನನ್ನ ಬಾಯಿ ಬರ್ಲಿಲ್ಲ. 'ಮನ್ಮಥಪ್ಪ ಒಯ್ದಿದ್ದಾರೆ, ಇನ್ನೂ ತರ್ಲಿಲ್ಲ' ಅಂದುಬಿಟ್ಟೆ. ನಾಲ್ಕು ದಿನ ತಳ್ಳುವ ಅಂತ ಹೇಳಿದ ಮಾತು. ಅದು ಪೊಲೀಸಿಗೆ ಹೋಗ್ತದೆ ಅಂತ ನನಗೆಂತ ಗೊತ್ತು?"

"ಪೊಲೀಸರು ಬಂದಾಗರ ಹೇಳಬಹುದಿತ್ತು."

"ಹೌದು. ಹೇಳಬಹುದಿತ್ತು."

ಪೊಲೀಸರು ಬಂದ ದಿನ ಮಗಳು ಜಲಜಾಕ್ಷಿ ಇದೇ ಗಲ್ಲಾದ ಪಕ್ಕ ನಿಂತಿದ್ದಳು. ಮನ್ಮಥಪ್ಪ ಹಿಂದಿನ ಬಾಗಿಲಲ್ಲಿ ಪಟ ಇಳಿಸಿದ್ದನ್ನು ಅವಳೂ ಕಂಡಿದ್ದಳು. ಅಪ್ಪ ಸುಳ್ಳು ಹೇಳುವುದನ್ನು ಕೇಳಿಯೂ ತುಟಿ ಬಿಚ್ಚಲಿಲ್ಲ. ತಾಯಿಯಿಲ್ಲದ ಹುಡುಗಿ, ಹತ್ತೊಂಬತ್ತು ವರ್ಷ, ಅಪ್ಪನ ಮಾನ ಉಳಿಸಲು ತಾನೂ ಸುಳ್ಳಿಗೆ ಹೆಗಲು ಕೊಟ್ಟಳೆಂದು ಉಮಾನಾಥ ಆ ಇಡೀ ರಾತ್ರಿ ಅತ್ತಿದ್ದ. ಆಮೇಲೆ ಇಬ್ಬರೂ ಆ ಮಾತು ಎತ್ತಲೇ ಇಲ್ಲ.

ವಿಶ್ವನಾಥಪ್ಪ ಕಾಗದ ತೆಗೆದು ಬರೆದುಕೊಳ್ಳತೊಡಗಿದ. "ಇದಕ್ಕ ಸಹಿ ಹಾಕ್ರಿ. ನಸುಕಿನ ಬಸ್ಸಿಗಿ ಹೋಗಿ ಕೋರ್ಟ್ ತೆಗಿಯೋದ್ರಾಗ ಕೊಡ್ತೀನಿ. ಮನ್ಮಥಪ್ಪ ನಾಳಿಗಿ ಸಂಜಿಗಿ ಮನ್ಯಾಗ ಇರ್ತಾನ."

"ಎಲ್ಲಿ ಬೇಕಾದ್ರೂ ಹಾಕ್ತೇನೆ." ಉಮಾನಾಥನಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಆಡಿತು. ಹಗುರಾದವನು ಬೇಡದ್ದನ್ನೂ ಹೇಳಿಬಿಡುತ್ತಾನೆ. "ನಿಮಗೆ ನಗು ಬರಬಹುದು, ಆದರೆ ಅವಳಲ್ಲಿ ದೇವರ ಕಳೆ ಇತ್ತು ಮಾರಾಯ್ರೆ. ಗಾಜು ಪೂರಾ ಉದುರಿಹೋದರೂ ಹಣೆಯ ಕುಂಕುಮ ಹೋಗಿರ್ಲಿಲ್ಲ. ನೀರಲ್ಲಿ ಮುಳುಗುವ ತನಕ ಕೆಂಪಗೆ ಕಾಣ್ತಿತ್ತು."

ಪೆನ್ನು ನಿಂತಿತು.

"ಏನಂದ್ರಿ?"

"ಕುಂಕುಮ. ಹೋಗಿರ್ಲಿಲ್ಲ."

"ಕುಂಕುಮ ನೀವು ಎಲ್ಲಿಗಿ ಹಚ್ತಿದ್ರಿ?"

"ಗಾಜಿಗೆ. ಎಲ್ಲ ಪಟಕ್ಕೂ ಹಚ್ಚುವ ಹಾಗೆ."

"ಗಾಜು ಒಡೀತು. ಚೂರು ಇಲ್ಲಿ ಅದ, ಕುಂಕುಮನೂ ಇದರ ಮ್ಯಾಲ ಅದ." ವಿಶ್ವನಾಥಪ್ಪ ಆ ಚೂರನ್ನು ಬೆರಳ ತುದಿಯಿಂದ ಮುಂದಕ್ಕೆ ತಳ್ಳಿದ. "ಮತ್ತ ಒಳಗಿನ ಹಣಿ ಮ್ಯಾಲ ಹೆಂಗ ಉಳೀತು?"

"ಅದೇ ಹೇಳಿದ್ದು ನಾನು! ಒಳಗಿನ ಹಣೆ ಬೋಳಾಗಿತ್ತು. ಗಾಜು ಒರೆಸುವವ ನಾನೊಬ್ಬನೇ, ನನಗೆ ಗೊತ್ತುಂಟು. ಮುತ್ತೈದೆಯ ಪಟ, ಸಾಹೇಬರು ಪರದೇಶಿ, ಪಾಪ, ಕುಂಕುಮ ಇಡ್ಲಿಕ್ಕೆ ಮರೆತಿದ್ದಾರೆ ಅಂತ ನಾನೇ ಶುರು ಮಾಡಿದ್ದು. ಹತ್ತು ವರ್ಷ ದಿನಾ ಹಚ್ಚಿದ ಕುಂಕುಮ ಒಳಗೆ ಇಳಿದುಬಿಟ್ಟಿದೆ, ಅಮ್ಮ ಒಪ್ಪಿಕೊಂಡಿದ್ದಾಳೆ ಅಂತ ನನ್ನ ಕೈಕಾಲೆಲ್ಲ ತಣ್ಣಗಾಯ್ತು. ಅದಕ್ಕೇ ಅಷ್ಟು ಭಕ್ತಿಯಿಂದ ನೀರಿಗೆ ಬಿಟ್ಟದ್ದು."

ವಿಶ್ವನಾಥಪ್ಪ ನಗಲಿಲ್ಲ. ಒಳಜೇಬಿನಿಂದ ಹಳದಿಯಾದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ವೆಲ್ಟರನ ಓರೆ ಅಕ್ಷರ. ಪತ್ತೆಗೆಂದು ಕುಸುಮಾವತಿಬಾಯಿ ಅವನ ಕೈಗೆ ಕೊಟ್ಟದ್ದು; ಅಡಿಯಲ್ಲಿ ಅವರು ಮಾಡಿಸಿದ ಮರಾಠಿ ತರ್ಜುಮೆ. ಅವನು ಬೆರಳಿಟ್ಟು ಓದಿ, ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ.

ನಿನ್ನ ತಾಯಿ ಗಂಡನನ್ನು ಕಳೆದುಕೊಂಡಾಗ ಅವರಿಗೆ ಇಪ್ಪತ್ತೆರಡು, ನಿನಗೆ ನಾಲ್ಕು ತಿಂಗಳು. ಕನ್ನಡಿಯ ಮುಂದೆ ಕುಳಿತು ಒಂದೇ ಅಪ್ಪಣೆ ಕೊಟ್ಟರು: ಇದ್ದದ್ದನ್ನು ಇದ್ದ ಹಾಗೆ ಬರೆ. ಒಡವೆ ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ. ನಾನು ಜೀವಮಾನದಲ್ಲಿ ದೊಡ್ಡವರ ಮುಖಗಳನ್ನು ಬೇಕಾದಷ್ಟು ಬರೆದೆ. ಸುಳ್ಳಿಲ್ಲದ ಮುಖ ಇದೊಂದೇ.

ಉಮಾನಾಥನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಸುಟ್ಟಂತಾಯಿತು. ಸಾಹೇಬ ಮರೆತಿರಲಿಲ್ಲ. ಮರೆತನೆಂದು ತಿಳಿದು ಹತ್ತು ವರ್ಷ ತಾನು ತಿದ್ದಿದ್ದ. ಮೊದಲ ದಿನ ಆ ಕುಂಕುಮ ಕಂಡು ಮುದುಕ ಇಡ್ಲಿ ಮುಟ್ಟದೆ ತಟ್ಟೆ ಸರಿಸಿದ್ದು ನೆನಪಾಯಿತು. ಆಮೇಲೆ ತನ್ನ ಹರಕು ಹಿಂದಿಯಲ್ಲಿ, "ನನಗೆ ಇಡಲು ಧೈರ್ಯ ಇರಲಿಲ್ಲ, ನೀನು ಇಟ್ಟೆ, ಇರಲಿ ಬಿಡು," ಎಂದಿದ್ದ. ಉಮಾನಾಥ ಅದನ್ನು ಮೆಚ್ಚುಗೆ ಎಂದುಕೊಂಡಿದ್ದ.

"ಕುಂಕುಮ ಒಳಗ ಇಳಿಯಲ್ಲ ರಾಯರ," ಎಂದ ವಿಶ್ವನಾಥಪ್ಪ ಮೆತ್ತಗೆ. "ನೀವು ನೀರಿಗಿ ಬಿಟ್ಟ ಪಟದಾಗ ಅದನ್ನ ಬಣ್ಣದಲೆ ಬರದಿದ್ರು. ಸಾಹೇಬರು ಬರದಿದ್ದು ಬೋಳು ಹಣಿ. ಅಂದ್ರ ನೀವು ಬಿಟ್ಟಿದ್ದು ಸಾಹೇಬರ ಪಟ ಅಲ್ಲ. ನಕಲು."

"ನಕಲು?"

"ವಾಪಸ್ ಬಂದಾಗ ಹೊಸ ಗಾಜಿನ ಮ್ಯಾಲ ಕುಂಕುಮ ಇತ್ತೇನು?"

"ಇತ್ತು. ಮನ್ಮಥಪ್ಪನೇ ಹಚ್ಚಿ ತಂದಿದ್ರು. ಹೊಸ ಗಾಜು, ಪೂಜೆ ಮಾಡಿ ಕೊಡ್ತೇನೆ ಅಂದ್ರು."

"ಅವ ಹುಡುಗ ಇದ್ದಾಗಿಂದ ಸಾಹೇಬರಿಗಿ ಬಣ್ಣ ಅರದು ಕೊಟ್ಟಾವ. ಖರೆ ಹಣಿ ಹೆಂಗ ಅದ ಅಂತ ಅವಗ ಗೊತ್ತು. ನಕಲಿನ್ಯಾಗ ತಪ್ಪಾಗ್ಯದ ಅಂತ ಕಂಡು, ನಿಮಗ ತಿಳೀಬಾರದು ಅಂತ ಮ್ಯಾಲ ಕುಂಕುಮ ಹಚ್ಚಿ ಮುಚ್ಯಾನ. ಪಟ ಬದಲಾಗಿದ್ದು ಅವನ ಅಂಗಡ್ಯಾಗೇ."

ಉಮಾನಾಥನಿಗೆ ಆಗಷ್ಟೇ ಬಂದಿದ್ದ ಹಗುರ ಹಾಗೆಯೇ ಇಳಿದುಹೋಯಿತು. ತಾನು ಬಾಯಿಬಿಟ್ಟದ್ದು ಮನ್ಮಥಪ್ಪನನ್ನು ಬಿಡಿಸಲು. ಬಿಟ್ಟ ಬಾಯಿಯಿಂದಲೇ ಅವನನ್ನು ಇನ್ನಷ್ಟು ಒಳಕ್ಕೆ ನೂಕಿದಂತಾಯಿತು.

"ಹಾಗಾದ್ರೆ ಅವರೇ ಕಳ್ಳರಾ? ನಾನು ನಂಬುದಿಲ್ಲ!"

"ನಾನೂ ನಂಬಲ್ಲ. ನಕಲು ಬರದ ಕೈ ಅವಂದಲ್ಲ. ಅವ ಬಣ್ಣ ಅರೀತಾನ, ಮೊಳಿ ಬಡೀತಾನ, ಒಂದು ಗೆರಿ ನೆಟ್ಟಗ ಎಳಿಯಲಕ ಬರಲ್ಲ. ಹನ್ನೊಂದು ದಿನ ಆ ದಮ್ಮಿನಾಗ ಬಾಯಿ ಮುಚ್ಕೊಂಡು ಕೂತಾನ ಅಂದ್ರ, ಬೇರೆ ಯಾರಿಗೋ ಮಾತು ಕೊಟ್ಟಾನ." ವಿಶ್ವನಾಥಪ್ಪ ಮುಂದಕ್ಕೆ ಬಾಗಿದ. "ನಕಲು ಬರದವ್ರು ಆ ಮುಖಾನ ಎಷ್ಟೋ ತಿಂಗಳು ಎದುರಿಗಿ ಕೂತು ನೋಡ್ಯಾರ. ಆದ್ರ ಬೋಳು ಹಣಿ ಒಂದು ದಿನಾನೂ ನೋಡಿಲ್ಲ. ನೀವು ಹಚ್ಚೋ ಕುಂಕುಮದ ಕೆಳಗ ಬರದ ಕುಂಕುಮನೂ ಇರ್ತದ ಅಂತ ತಿಳದಾರ, ಎಲ್ಲಾ ದೇವ್ರ ಪಟದಾಗ ಇರೋಹಂಗ. ಅಂದ್ರ ಬರದಿದ್ದು ಈ ಹೋಟೆಲಿನಾಗೇ ಕೂತು. ಅವರ ಹೆಸರು ಸಿಕ್ರ ಅಸಲಿ ಪಟ ಎಲ್ಲಿ ಅದ ಅಂತ ತಿಳೀತದ, ಮನ್ಮಥಪ್ಪ ಬದುಕ್ತಾನ. ಇಲ್ಲಂದ್ರ ಈ ಕಾಗದ ಒಯ್ದು ಕೊಟ್ರ ಅವಗ ಇನ್ನೂ ಕುತ್ತು. ಯಾರು ಕೂಡ್ತಿದ್ರು ರಾಯರ, ಆ ಪಟದ ಎದುರಿಗಿ, ದಿನಾ?"

ಉಮಾನಾಥನ ಕಣ್ಣು ತಾನಾಗಿ ಕಿಟಕಿಯ ಪಕ್ಕದ ಮೇಜಿಗೆ ಹೋಯಿತು. ಹೋದದ್ದನ್ನು ಎಳೆದು ತಂದ.

ದಿನಾ ಮೂರರಿಂದ ಐದು. ಇದೇ ಹೊತ್ತು. ಮುದುಕ ಒಂದು ಬದಿ, ಲಂಗದ ಹುಡುಗಿ ಒಂದು ಬದಿ. ಹತ್ತನೇ ವಯಸ್ಸಿಗೆ ಪೆನ್ಸಿಲು ಹಿಡಿಸಿದವನು ವೆಲ್ಟರನೇ. ಲಂಗ ಹೋಗಿ ಸೀರೆ ಬಂದರೂ ಮೇಜು ಬದಲಾಗಲಿಲ್ಲ. ಮುದುಕ ಮಂಚ ಹಿಡಿದ ಮೇಲೆ ಅವಳೊಬ್ಬಳೇ ಕೂತು ರಾಣಿಸಾಹೇಬರ ಕಣ್ಣು, ಮೂಗು, ತುಟಿ ತಿದ್ದಿ ತಿದ್ದಿ ಬರೆಯುತ್ತಿದ್ದಳು. ಮಾಳಿಗೆಯಲ್ಲಿ ಒಂದು ಬೇಸಗೆಯಿಡೀ ಟರ್ಪೆಂಟೈನಿನ ವಾಸನೆ. ಏನಮ್ಮ ಇದು ಎಂದರೆ ತಿಗಣೆಗೆ ಹೊಡೆದೆ ಎಂದಿದ್ದಳು. ತಿಗಣೆ ಕಡಿಮೆಯಾಗಲಿಲ್ಲ; ಉಮಾನಾಥ ಮತ್ತೆ ಕೇಳಲೂ ಇಲ್ಲ.

ಅಪ್ಪನನ್ನು ಉಳಿಸಲು ಸುಮ್ಮನಿದ್ದಾಳೆಂದು ತಾನು ಅತ್ತ ಆ ಮೌನ ಈಗ ಬೇರೆಯಾಗಿ ಕಂಡಿತು.

ಹೇಳಿದರೆ ಮಗಳು. ಹೇಳದಿದ್ದರೆ ಗೋಡೆಗೊರಗಿ ಉಸಿರೆಳೆಯುತ್ತಿರುವ, ತನ್ನ ಮೇಲೆ ಸಿಟ್ಟಿಲ್ಲವೆಂದ ಆ ಮನುಷ್ಯ.

"ಯಾರೂ ಇಲ್ಲ," ಎಂದ ಉಮಾನಾಥ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. "ಗಿರಾಕಿಗಳು ಬರ್ತಾರೆ, ಹೋಗ್ತಾರೆ. ಯಾರು ಅಂತ ಹೇಳುದು?"

ಮಾಳಿಗೆಯ ಮೆಟ್ಟಿಲು ಕಿರ್ರೆಂದಿತು.

ನಡುಮೆಟ್ಟಿಲಲ್ಲಿ ಜಲಜಾಕ್ಷಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ಜತನದಿಂದ ಮಾಡಿದ ಕೆಲಸವೊಂದರಲ್ಲಿ ತಪ್ಪಾಗಿದೆ ಎಂದು ತಿಳಿದವರ ದಿಗಿಲಿತ್ತು. ಅವಳು ಅಪ್ಪನನ್ನು ನೋಡಲಿಲ್ಲ, ಬಂದವನನ್ನೂ ನೋಡಲಿಲ್ಲ. ನೋಡುತ್ತಿದ್ದುದು ಮೇಜಿನ ಮೇಲಿನ ಆ ಹಳದಿ ಕಾಗದವನ್ನು.

"ಅಪ್ಪಾ," ಎಂದಳು. ನಾಸಿಕದಲ್ಲೇ ಬೆಳೆದವಳ ನಾಲಿಗೆಯ ಮೇಲೆ ಕನ್ನಡ ಯಾವಾಗಲೂ ತಡವರಿಸುತ್ತಿತ್ತು. "ಖರಂಚ್? ನಿಜವಾಗಿ? ಆ ಹಣೆ ಮೇಲೆ... ಸಾಹೇಬರು ಏನೂ ಇಟ್ಟಿರಲಿಲ್ಲಾ?"

ವಿಶ್ವನಾಥಪ್ಪ ಅವಳ ಕಡೆ ತಿರುಗಲಿಲ್ಲ. ನಿಲ್ಲಿಸಿದ್ದ ಪೆನ್ನನ್ನು ಮತ್ತೆ ಕಾಗದಕ್ಕೆ ಹಚ್ಚಿ, ಉಮಾನಾಥನ ಕಣ್ಣಲ್ಲೇ ಕಣ್ಣಿಟ್ಟು ಕೇಳಿದ.

"ಹೇಳ್ರಿ ರಾಯರ. ಹೆಸರು ಏನಂತ ಬರ್ಕೊಳ್ಲಿ?"